ಅಳಿವೆ ದಾಟಿದ ಮೇಲೊಂದು ರಿಂಗ್

ಮಗನನ್ನು ಕಡಲಿಗೆ ಕಳಿಸುವುದಿಲ್ಲ ಎಂದು ಗಿರಿಜಾ ಗಂಡನಿಗೆ ಮಾತು ಕೊಟ್ಟಾಗ ಕೌಶಲ್‌ಗೆ ಆರು ವರ್ಷ. ಬೋಟಿನಲ್ಲಿ ಬಲೆ ಎಳೆಯುವ ಹಗ್ಗಕ್ಕೆ ಸಿಕ್ಕಿ ಜಜ್ಜಿಹೋಗಿದ್ದ ಅವಳ ಗಂಡ ಗುಡ್ಡ, ಆಸ್ಪತ್ರೆಯ ಮಂಚದಲ್ಲಿ ಅದೊಂದನ್ನೇ ಕೇಳಿ ತೀರಿಕೊಂಡಿದ್ದ. ಆಮೇಲೆ ಗಿರಿಜಾ ಮೀನಿನ ಬುಟ್ಟಿಯನ್ನೂ ಮುಟ್ಟಲಿಲ್ಲ. ಗೇರುಬೀಜದ ಕಾರ್ಖಾನೆ ಸೇರಿದಳು.

ಅದಾಗಿ ಹದಿನಾಲ್ಕು ವರ್ಷದ ಮೇಲೆ, ನವೆಂಬರ್ ಹನ್ನೊಂದರ ಬೆಳಿಗ್ಗೆ ಅವಳು ಬೈಂದೂರು ಠಾಣೆಯ ಬೆಂಚಿನಲ್ಲಿ ಕುಳಿತಿದ್ದಳು. ಮಗಳ ಜಡೆ ಹೆಣೆದು, ಬುತ್ತಿ ಕಟ್ಟಿ, ಶಾಲೆಗೆ ಬಿಟ್ಟು ಬಂದ ಸಬ್ ಇನ್‌ಸ್ಪೆಕ್ಟರ್ ಸೌಮ್ಯಶ್ರೀ ಟೋಪಿ ತೆಗೆದಿಡುವ ಮೊದಲೇ ದೂರು ಶುರುವಾಯಿತು. ಮಳೆಗಾಲ ಮುಗಿದಂದಿನಿಂದ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ನಸುಕಿನಲ್ಲಿ ಫೋನು ಒಂದೇ ಸಲ ರಿಂಗಾಗಿ ನಿಲ್ಲುತ್ತದೆ. ತಿರುಗಿ ಮಾಡಿದರೆ ಎತ್ತುವುದಿಲ್ಲ. ಪಕ್ಕದ ಮನೆಯ ದಿವ್ಯಾ ಬ್ಲಾಕ್ ಮಾಡುವುದನ್ನು ಕಲಿಸಿಕೊಟ್ಟಳು. ಒಂದನ್ನು ಬ್ಲಾಕ್ ಮಾಡಿದರೆ ಇನ್ನೊಂದು ನಂಬರು. ಮೂರು ಮುಗಿದು, ನಿನ್ನೆ ನಾಲ್ಕನೆಯದು.

"ನಂಗೂ ದಿನಾ ಲೋನ್ ಬೇಕಾ ಅಂದೇಳಿ ಫೋನ್ ಬತ್ತ್ ಅಕ್ಕಾ," ಎಂದ ಹೆಡ್ ಕಾನ್‌ಸ್ಟೇಬಲ್ ಚಂದು. "ಅವ್ರಿಗಿಪ್ಪು ಪ್ರೀತಿ ನನ್ ಹೆಂಡ್ತಿಗೂ ಇಲ್ಲ."

"ಲೋನಿನವ್ರ್ ಮಾತಾಡ್ತ್ರ್ ಮರಾಯ್ರೆ. ಇದ್ ಮಾತಾಡುದಿಲ್ಲ. ಅದಕ್ಕೇ ಹೆದ್ರಿಕಿ."

ಹೆಣ್ಣನ್ನು ಹಿಂಬಾಲಿಸಿ ಪೀಡಿಸಿದ ಆರೋಪದ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಪಂಚರೆದುರು ಫೋನಿನ ಪರದೆಯ ಚಿತ್ರ ತೆಗೆದು, ಪಂಚನಾಮೆ ಬರೆದು, ಫೋನನ್ನು ಅವಳಿಗೇ ಕೊಟ್ಟು ಕಳಿಸಿದರು.

ನಾಲ್ಕು ನಂಬರಿನ ಕರೆ ವಿವರ ಹದಿನೈದನೇ ತಾರೀಕು ಬಂತು. ನಂಬರಿನ ಮಾಲೀಕರಲ್ಲಿ ಒಬ್ಬ ಗುಲ್ವಾಡಿಯವನು, ಉಳಿದವರು ಬೇರೆ ಬೇರೆ ಊರಿನವರು. ಕಾಗದದಲ್ಲಿ ಯಾರಿಗೂ ಗಿರಿಜಾಳ ನಂಟು ಕಾಣಲಿಲ್ಲ. ಆದರೆ ಪ್ರತಿ ಕರೆಯೂ ಹೋದದ್ದು ಗಂಗೊಳ್ಳಿ ಬಂದರಿನ ಟವರಿನಿಂದ. ಪ್ರತಿ ಕರೆಗೂ ಮೊದಲಿನ ಒಂದು ವಾರ ಅಷ್ಟೂ ಫೋನು ಯಾವ ಟವರಿನಲ್ಲೂ ಇಲ್ಲ.

"ನಾಲ್ಕು ಫೋನೂ ಒಟ್ಟಿಗೇ ಸತ್ತು ಒಟ್ಟಿಗೇ ಹುಟ್ಟುತ್ತವಲ್ಲ ಚಂದು, ಎಲ್ಲಿ?"

"ಕಡ್ಲಂಗೆ, ಮೇಡಮ್. ಅಲ್ಲ್ ಟವರ್ ಸಿಕ್ಕುದಿಲ್ಲ."

ಗುಲ್ವಾಡಿಯವನ ಮನೆಯಲ್ಲಿ ವಿಚಾರಿಸಿದಾಗ ಬೋಟು ಯಾವುದೆಂದು ತಿಳಿಯಿತು. ಅದನ್ನು ನಡೆಸುವ ತಾಂಡೇಲ ಅಶೋಕನದು. ಬೋಟು ಆಳಸಮುದ್ರದಲ್ಲಿತ್ತು. ಸೌಮ್ಯಶ್ರೀ ಯಡ್ತರೆಯ ಗಿರಿಜಾಳ ಮನೆಗೆ ಹೋದರು.

"ಮನೆಯಲ್ಲಿ ಕಡಲಿಗೆ ಹೋಗುವವರು ಯಾರು?"

"ಯಾರೂ ಇಲ್ಲ. ಮಗ ಬ್ರಹ್ಮಾವರ್ದ್ ಹೋಟ್ಲಂಗಿದ್ದ."

"ಮನೆಗೆ ಯಾವಾಗ ಬರುತ್ತಾನೆ?"

"ವಾರಕ್ಕೋ ಹತ್ತ್ ದಿನಕ್ಕೋ. ಫೋನ್ ಬಂದ್ ದಿನವೇ ಬತ್ತ, ಕಾಣಿ. ಹಂಗಾಯಿ ಒಂಚೂರ್ ಧೈರ್ಯ."

ಸೌಮ್ಯಶ್ರೀಯವರ ಪೆನ್ನು ನಿಂತಿತು. ಹೀಗೆ ಒಂದೇ ರಿಂಗ್ ಕೊಡುವವರು ಹಿಂದೆ ಯಾರಾದರೂ ಇದ್ದರಾ ಎಂದು ಕೇಳಿದರು. ಗಿರಿಜಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ನಮ್ಮನಿಯವ್ರ್. ಅಳ್ವಿ ದಾಟ್ದ್ ಕೂಡ್ಲೆ ಒಂದ್ ರಿಂಗ್. ಬಂದೆ, ಸ್ನಾನಕ್ಕೆ ನೀರ್ ಕಾಯ್ಸ್ ಅಂದೇಳಿ. ಮೊದ್ಲ್ ಸಲ ಇದ್ ಬಂದಾಗ ನಿದ್ದಿಗಣ್ಣಂಗೆ ಎದ್ದ್ ಒಲಿಗೆ ಬೆಂಕಿ ಹಾಕ್ದೆ ಮೇಡಮ್ರೆ. ನೀರ್ ಕುದಿದ್ ಮೇಲೆ ನೆನಪಾಯ್ತ್, ಮೀವರ್ ಯಾರಿದ್ರ್ ಅಂದೇಳಿ."

ಬ್ರಹ್ಮಾವರದ ಹೋಟೆಲಿಗೆ ಫೋನು ಮಾಡಿಸಿದ್ದಾಯಿತು. ಕೌಶಲ್ ಜುಲೈಯಲ್ಲೇ ಕೆಲಸ ಬಿಟ್ಟಿದ್ದ. ಗಿರಿಜಾಳಿಗೆ ಇದನ್ನು ಹೇಳಲು ಸೌಮ್ಯಶ್ರೀಗೆ ಮನಸ್ಸಾಗಲಿಲ್ಲ. ಕಣ್ಣಾರೆ ಕಾಣದೆ ಒಬ್ಬ ತಾಯಿಗೆ ಹೇಳುವ ಮಾತಲ್ಲ ಅದು.

ಇಪ್ಪತ್ತನೇ ತಾರೀಕು ಬೆಳಕು ಹರಿಯುವ ಹೊತ್ತಿಗೆ ಗಂಗೊಳ್ಳಿಯ ಜೆಟ್ಟಿಯಲ್ಲಿ ಕಾಯುತ್ತಿದ್ದಾಗ, ಹೊಳೆ ಕಡಲು ಸೇರುವ ಅಳಿವೆಯೊಳಗೆ ಬೋಟಿನ ದೀಪ ಕಂಡಿತು. ಜೊತೆಗೇ ಸೌಮ್ಯಶ್ರೀಯವರ ಫೋನು ಬಡಿದುಕೊಂಡಿತು. "ಮೇಡಮ್ರೆ, ಬಂತ್," ಎಂದಳು ಗಿರಿಜಾ, ಪಿಸುಮಾತಿನಲ್ಲಿ.

ಮೀನಿನ ಕ್ರೇಟು ಹೊತ್ತು ಮೊದಲು ಇಳಿದವನು ಕೌಶಲ್. ಖಾಕಿ ಕಂಡು ಅಲ್ಲೇ ನಿಂತ. ಹಿಂದೆಯೇ ಅಶೋಕ ಇಳಿದ.

"ಗಿರಿಜಾಗೆ ರಿಂಗ್ ಕೊಟ್ಟದ್ದು ಯಾರು?"

"ನಾನೇ," ಎಂದ ಅಶೋಕ.

"ನಾಲ್ಕು ಫೋನಿನಿಂದಲೂ?"

"ನನ್ ನಂಬರ್ ಬ್ಲಾಕ್ ಆಯ್ತ್. ಮತ್ತೆ ಬೋಟಿನವ್ರದ್ ಕೇಂಡ್ ತಕಂಡೆ."

"ಯಾಕೆ?"

ಅಶೋಕ ಕೌಶಲ್‌ನ ಕಡೆ ನೋಡಿದ. "ಹೋಟ್ಲೊಳ್ಗೆ ಉಸ್ರ್ ಕಟ್ತ್ ಅಂದ. ಅಮ್ಮಂಗೆ ಹೇಳ್ಬ್ಯಾಡಿ ಅಂದ. ಹೇಳ್ಲಿಲ್ಲ. ಗುಡ್ಡನ ಒಟ್ಟಿಗೆ ದುಡ್ದವ ನಾನ್. ಅವ್ನ್ ಮಗನ್ನ ಕರ್ಕಂಡ್ ಹೋಯಿ, ವಾಪಸ್ ತಂದೆ ಅಂದೇಳಿ ಆ ಮನಿಗೆ ಒಂದ್ ರಿಂಗೂ ಕೊಡ್ದೆ ಹ್ಯಾಂಗೆ ದಡ ಹತ್ತುದ್?"

ಬೆಳಿಗ್ಗೆ ಎಂಟಕ್ಕೆ ಅಶೋಕನ ಬಂಧನವಾಯಿತು. ಹತ್ತಕ್ಕೆ ಠಾಣೆಯಲ್ಲೇ ಜಾಮೀನು. ಆರೋಪಿಗೆ ಕೇಡಿನ ಉದ್ದೇಶವಿರಲಿಲ್ಲ ಎಂದು ಸೌಮ್ಯಶ್ರೀ ವರದಿಯಲ್ಲಿ ಬರೆದರು. ಮೇಲಿನ ಸಾಹೇಬರು ಒಪ್ಪುವರೋ ಇಲ್ಲವೋ, ಅದು ನಾಳಿನ ಮಾತು.

ಅಷ್ಟರಲ್ಲಿ ಸುದ್ದಿ ತಿಳಿದು ಠಾಣೆಗೆ ಬಂದ ಗಿರಿಜಾ ಬಾಗಿಲಲ್ಲೇ ನಿಂತು ಮಗನ ಕಾಲನ್ನು ನೋಡಿದಳು. ಮೊಣಕಾಲಿನವರೆಗೆ ಉಪ್ಪು ಒಣಗಿ ಬೆಳ್ಳಗಾಗಿತ್ತು.

"ನಂಗೊಂದ್ ಮಾತ್ ಹೇಳುಕ್ ಆತಿರ್ಲಿಲ್ಲ್ಯಾ ಅಶೋಕಣ್ಣ?"

"ಬ್ಯಾಡ ಅಂತಿದ್ರಿ."

"ಅಂತಿದ್ದೆ," ಎಂದಳು. ಒಳಗೆ ಬಂದು ಮಗನ ಪಕ್ಕ ಕುಳಿತಳು. ಕೌಶಲ್ ನೆಲ ನೋಡುತ್ತಿದ್ದ. ಕೊನೆಗೆ ಅವಳು ಫೋನನ್ನು ಸೌಮ್ಯಶ್ರೀಯವರ ಮೇಜಿನ ಮೇಲಿಟ್ಟಳು. "ದಿವ್ಯಾ ಬ್ಲಾಕ್ ಮಾಡುಕೆ ಮಾತ್ರ ಹೇಳ್ಕೊಟ್ಟದ್. ತೆಗಿಯುದ್ ಹ್ಯಾಂಗೆ ಮೇಡಮ್ರೆ?"

ಸೌಮ್ಯಶ್ರೀ ಮೂರೂ ನಂಬರುಗಳನ್ನು ಒಂದೊಂದಾಗಿ ಬಿಡಿಸಿ ಕೊಟ್ಟರು.

ಇಪ್ಪತ್ತಮೂರಕ್ಕೆ ಬೋಟು ಮತ್ತೆ ಹೊರಟಿತು. ಕೌಶಲ್‌ನ ಚೀಲ ಕಟ್ಟಿಕೊಟ್ಟವಳು ಗಿರಿಜಾ. ಗುಡ್ಡನಿಗೆ ಕೊಟ್ಟ ಮಾತನ್ನು ಅವಳು ನಡೆಸಲಿಲ್ಲ.