ನಲವತ್ತು ಹೆಬ್ಬೆಟ್ಟು

ಸುಚಿತ್ರಾ ಮೊದಲ ಹಾಳೆ ತಿರುವಿದಳು. ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ಅವಳ ಕೈ ನಿಂತಿತು.

"ಇವು ನನ್ನ ಒಪ್ಪಿಗೆ ಪತ್ರ ಅಲ್ರಿ. ಯಾರೋ ಬದಲಿ ಮಾಡ್ಯಾರ."

೨೦೦೭ರ ಮಾರ್ಚ್. ಹಾವೇರಿಯ ವರದಾತೀರ ವಿಶ್ವವಿದ್ಯಾಲಯದಲ್ಲಿ ನೈತಿಕ ಸಮಿತಿಯ ತುರ್ತು ಸಭೆ. ಮನುಷ್ಯರ ಮೇಲೆ ಯಾವ ಸಂಶೋಧನೆ ನಡೆದರೂ ಅವರ ಒಪ್ಪಿಗೆ ಇದೆಯೇ ಎಂದು ನೋಡುವುದು ಈ ಸಮಿತಿಯ ಕೆಲಸ. ಅಗಡಿಯಿಂದ ದಿನಾ ಬಸ್ಸಿನಲ್ಲಿ ಬರುವ ಸುಚಿತ್ರಾಳ ಪಿಎಚ್.ಡಿ. ವಿಷಯ, ಬ್ಯಾಡಗಿಯ ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ನಲವತ್ತು ಹೆಂಗಸರ ಉಸಿರಾಟ. ವರ್ಷಗಟ್ಟಲೆ ಘಾಟು ಕುಡಿದ ಅವರ ಶ್ವಾಸಕೋಶ ಏನಾಗಿದೆ ಎಂಬುದು ಅವಳ ಪ್ರಶ್ನೆ.

ಹಿಂದಿನ ದಿನ ಆ ಹೆಂಗಸರ ಸಂಘದ ಉಚ್ಚಂಗೆವ್ವ ನೇರ ಕುಲಸಚಿವರ ಕೋಣೆಗೇ ಬಂದಿದ್ದಳು. "ತಪಾಸಣಿ ಶಿಬಿರ ಅಂತ ಹೇಳಿ ನಮ್ಮ ರಕ್ತಾ ತಗೊಂಡ್ರಿ. ತಿಂಗಳಾತು. ರಿಪೋರ್ಟ್ ಎಲ್ಲೈತಿ?"

ರಿಪೋರ್ಟ್ ಇರಲಿಲ್ಲ. ರಕ್ತ ಮಾತ್ರ ಸಂಶೋಧನೆಯ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿತ್ತು.

ಲ್ಯಾಬಿನ ಕಪಾಟು ತೆರೆಸಿದಾಗ ಸಿಕ್ಕಿದ್ದು ಈ ನಲವತ್ತು ಪತ್ರ. ಪ್ರತಿಯೊಂದರಲ್ಲೂ 'ಸಂಶೋಧನೆಗೆ ರಕ್ತ ಕೊಡಲು ಒಪ್ಪಿದ್ದೇನೆ'. ಕೆಳಗೆ ಹೆಬ್ಬೆಟ್ಟಿನ ಗುರುತು. ಅದರ ಪಕ್ಕ ಸಾಕ್ಷಿಯಾಗಿ ಸುಚಿತ್ರಾಳ ಸಹಿ.

"ಈ ಸಹಿ ನಿಮ್ಮದಲ್ಲೇನು?" ಅಧ್ಯಕ್ಷರಾದ ನಿವೃತ್ತ ನ್ಯಾಯಾಧೀಶ ಸಿದ್ದಲಿಂಗಪ್ಪ ಕೇಳಿದರು.

"ನನ್ನ ಸಹಿ ಇದ್ದಂಗ ಐತಿ. ಆದ್ರ ನಾ ಮಾಡಿಲ್ರಿ. ಉಸಿರಿನ ಪರೀಕ್ಷಾ ಮಾಡ್ರಿ, ರಕ್ತಾ ಒಲ್ಲೆ ಅಂತ ಅವರು ತಮ್ಮ ಕೈಲೆ ಬರದು ಸಹಿ ಮಾಡಿದ್ರು."

"ತೊಟ್ಟು ಬಿಡಿಸೋರು ಬರದು ಸಹಿ ಮಾಡಿದ್ರಂತ!" ಅವಳ ಮಾರ್ಗದರ್ಶಕ ಪ್ರೊಫೆಸರ್ ವಿಜಯಮಹಾಂತೇಶ ನಕ್ಕರು. ಸಮಿತಿಯ ಇನ್ನಿಬ್ಬರೂ ನಕ್ಕರು. ನಾಲ್ಕು ಅಕ್ಷರ ಕಲಿತವರ ನಗು ಅದು. ಅದನ್ನು ನೆನೆದರೆ ಈ ಕಥೆ ಹೇಳುವ ನನಗೂ ಮೈ ಉರಿಯುತ್ತದೆ.

ಕಪಾಟಿನ ಕೀಲಿ ಇದ್ದದ್ದು ಮೂವರ ಬಳಿ: ಸುಚಿತ್ರಾ, ಪ್ರೊಫೆಸರ್, ಲ್ಯಾಬಿನ ಶಶಿಕಾಂತ. ಶಶಿಕಾಂತ ರಜೆಯಲ್ಲಿದ್ದ. ಖೊಟ್ಟಿ ಪತ್ರ ಸುಚಿತ್ರಾಳದೇ ಎಂದಾದರೆ ಅವಳ ನೋಂದಣಿ ರದ್ದು. ನಾಲ್ಕು ವರ್ಷದ ಕೆಲಸ ನೀರುಪಾಲು, ಮೇಲೆ ಕಳ್ಳಿ ಎಂಬ ಹೆಸರು.

"ನನಗ ಎರಡು ದಿನ ಕೊಡ್ರಿ," ಮೂಲೆಯಿಂದ ದನಿ ಬಂತು.

ಇಸಾಕಸಾಬ. ಸಮಿತಿಯಲ್ಲಿ ಪದವಿಯಿಲ್ಲದ ಒಬ್ಬ ಸಾಮಾನ್ಯ ನಾಗರಿಕ ಇರಬೇಕೆಂಬ ನಿಯಮಕ್ಕಾಗಿ ಕೂರಿಸಿದ ಮನುಷ್ಯ. ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಚಹಾ ಕುಡಿಯಲು ಬರುತ್ತಾರೆ ಎಂದೇ ಉಳಿದವರ ಲೆಕ್ಕ.

* * *

ಮನಿಯಾರ್ಡರ್ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡ ಕೈ ಅದು. ಬೆರಳಿನ ಗೆರೆ ಅವರಿಗೆ ಮುಖದಷ್ಟೇ ಪರಿಚಿತ. ಇಸಾಕಸಾಬರು ಭೂತಗನ್ನಡಿ ಹಿಡಿದು ಹಾಳೆಗಳನ್ನು ನಂಬರಿನಂತೆ ಹಾಸಿದರು. ಸುಚಿತ್ರಾ ಎದುರಿಗೆ ಕೂತಿದ್ದಳು.

"ಒಂದನೇದು ನೋಡು. ಹನ್ನೊಂದನೇದು. ಇಪ್ಪತ್ತೊಂದನೇದು. ಮೂವತ್ತೊಂದನೇದು."

"ಒಂದ ಬೆರಳ್ರೀ ಕಾಕಾ!"

"ಒಬ್ಬನ ಮನಷ್ಯಾ. ಹತ್ತು ಬೆರಳು, ನಾಕು ಸುತ್ತು. ಆದ್ರ ಯಾವ ಮನಷ್ಯಾ?"

"ನನ್ನ ಬೆರಳು ಒತ್ತಿ ನೋಡ್ರಿ," ಎಂದು ಸುಚಿತ್ರಾ ಎರಡೂ ಕೈ ಚಾಚಿದಳು. ಇಸಾಕಸಾಬರು ಹತ್ತೂ ಬೆರಳು ಒತ್ತಿಸಿಕೊಂಡರು. ಒಂದೂ ಹೊಂದಲಿಲ್ಲ. ಅವರಿಗೆ ಸಮಾಧಾನವಾಯಿತು. ಆದರೆ ಅವಳು ಬೇರೆಯವರಿಂದಲೂ ಒತ್ತಿಸಿರಬಹುದಲ್ಲ?

* * *

ಬ್ಯಾಡಗಿ ಗೋದಾಮಿನ ಬಾಗಿಲಲ್ಲೇ ಇಸಾಕಸಾಬರಿಗೆ ಏಳು ಸೀನು ಬಂದವು. ಒಳಗೆ ಕೆಂಪು ರಾಶಿಗಳ ನಡುವೆ ಕೂತ ಹೆಂಗಸರು ಕೈ ನಿಲ್ಲಿಸದೆ ನಕ್ಕರು.

"ಹೊಸಾ ಮೂಗು ಬಂದೈತಿ," ಎಂದಳು ಉಚ್ಚಂಗೆವ್ವ. "ಬರ್ರಿ ಸಾಬ್ರ, ಕುಂದ್ರಿ."

"ಯವ್ವಾ, ಒಪ್ಪಿಗೆ ಪತ್ರಕ್ಕ ನೀವು ಹೆಬ್ಬೆಟ್ಟು ಒತ್ತಿದ್ರೇನು?"

ನಗು ನಿಂತಿತು. ದುರಗವ್ವ ಎಂಬಾಕೆ ಎದ್ದೇ ನಿಂತಳು. "ಹೆಬ್ಬೆಟ್ಟು? ನಮ್ಮ ಸಂಘದಾಗ ಹೆಬ್ಬೆಟ್ಟು ಒತ್ತಿದ್ರ ಐದು ರೂಪಾಯಿ ದಂಡ ಐತ್ರಿ. ಐವತ್ತರ ಮ್ಯಾಲ ಬರಿಯಾಕ ಕಲತೇನಿ ನಾ. ಯಾರ ಹೇಳಿದ್ರು ನಿಮಗ?"

ಉಚ್ಚಂಗೆವ್ವ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಿಂದ ಮಡಚಿದ ಹಾಳೆ ತೆಗೆದಳು. ಒಪ್ಪಿಗೆ ಕೊಟ್ಟವರಿಗೂ ಒಂದು ಪ್ರತಿ ಕೊಡಬೇಕೆಂಬುದು ನಿಯಮ. ಸುಚಿತ್ರಾ ಕೊಟ್ಟಿದ್ದಳು, ಗಾಬರಿಯಲ್ಲಿ ಅದನ್ನು ಸಭೆಗೆ ಹೇಳಲು ಮರೆತಿದ್ದಳು. ಇವರು ಇಟ್ಟುಕೊಂಡಿದ್ದರು. ಮೇಲೆ ವಿಭಾಗದ ಜನವರಿಯ ತಾರೀಕಿನ ಮುದ್ರೆ. ಕೆಳಗೆ ದಪ್ಪ ಅಕ್ಷರ: 'ರಕ್ತ ಕೊಡುವುದಿಲ್ಲ. ಉಚ್ಚಂಗೆವ್ವ.'

ಬೆಳಿಗ್ಗೆ ಪ್ರೊಫೆಸರರ ಜೊತೆ ತಾವೂ ನಗಬೇಕೆಂದಿದ್ದದ್ದು ಇಸಾಕಸಾಬರಿಗೆ ನೆನಪಾಯಿತು. ನಾಚಿಕೆಯಾಯಿತು.

"ರಕ್ತಾ ತಗೊಂಡಾವ ಯಾರು?"

"ನಿಮ್ಮ ಲ್ಯಾಬಿನ ಹರೇದ ಹುಡುಗ. ಬೆರಳೆಲ್ಲಾ ನೀಲಿ ಬಣ್ಣ ಇತ್ತು."

* * *

ನೀಲಿ ಬೆರಳು ಎಂದರೆ ಶಾಯಿ. ಶಾಯಿ ಎಂದರೆ ಹೆಬ್ಬೆಟ್ಟು. ಇಸಾಕಸಾಬರು ರಾಣೆಬೆನ್ನೂರಿನ ಬಸ್ಸು ಹತ್ತಿದರು. ಶಶಿಕಾಂತ ರೇಲ್ವೆ ಸ್ಟೇಶನ್ ಹಿಂದಿನ ಮನೆಯಲ್ಲಿ ಸಿಕ್ಕ. ಬೆರಳು ಇನ್ನೂ ನೀಲಿಯಾಗಿಯೇ ಇದ್ದವು.

"ಇದು ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಗೆ ಹಚ್ಚೋ ಬಣ್ಣರೀ. ದಿನಾ ಹಚ್ಚಿ ಹಚ್ಚಿ ಹೋಗೂದ ಇಲ್ಲ. ಸರ್ ಶಿಬಿರ ಮಾಡಿ ರಕ್ತಾ ತಾ, ಒಪ್ಪಿಗೆ ಆಗೈತಿ ಅಂದ್ರು. ತಂದೆ. ನಿನ್ನೆ ರಜಾ ಹಾಕಿ ಹೋಗು ಅಂದ್ರು. ಬಂದೆ."

"ಶಿಬಿರದಾಗ ಹೆಸರು ಬರಕೊಂಡಾವ ನೀನ ಏನು?"

"ಎಲ್ಲೀದರೀ! ಪೆನ್ನ ಕಸಗೊಂಡು ಆ ಹೆಣ್ಮಕ್ಕಳ ಬರದ್ರು." ಪಟ್ಟಿ ತಂದು ತೋರಿಸಿದ. ನಲವತ್ತು ಹೆಸರು, ನಲವತ್ತು ಬಗೆಯ ಕೈಬರಹ.

ಇಸಾಕಸಾಬರು ಪಟ್ಟಿಯನ್ನು ಜೇಬಿಗಿಟ್ಟರು. ಅವರಿಗೆ ಉತ್ತರ ಸಿಕ್ಕಿತ್ತು.

* * *

ಗುರುವಾರ ಸಭೆಗೆ ಉಚ್ಚಂಗೆವ್ವನೂ ಬಂದಿದ್ದಳು. ಅವಳು ತಂದ ನಲವತ್ತು ಪ್ರತಿಗಳನ್ನು ಸಿದ್ದಲಿಂಗಪ್ಪ ಒಂದೂ ಬಿಡದೆ ಓದಿದರು.

"ಕೀಲಿ ಮೂವರ ಹತ್ರ ಇತ್ತು," ಇಸಾಕಸಾಬರು ಶುರು ಮಾಡಿದರು. "ಸುಚಿತ್ರಾ ಖೊಟ್ಟಿ ಪತ್ರ ಮಾಡೋಳಿದ್ರ ಹೆಬ್ಬೆಟ್ಟಲ್ಲ, ಇವರ ಖೊಟ್ಟಿ ಸಹಿ ಮಾಡ್ತಿದ್ಲು. ಶಶಿಕಾಂತನೂ ಅಷ್ಟ. ಇಬ್ರೂ ಈ ಹೆಣ್ಮಕ್ಕಳು ಬರಿಯೂದನ್ನ ಕಣ್ಣಿಲೆ ನೋಡ್ಯಾರ. ಗೊತ್ತಿದ್ದೂ ಹೆಬ್ಬೆಟ್ಟು ಒತ್ತಿ ಯಾರ ಸಿಕ್ಕೊಳ್ತಾರ? ಇದು ಗೋದಾಮಿಗೆ ಒಮ್ಮೀನೂ ಕಾಲಿಡದವರ ಕೆಲಸ. ಮೊನ್ನೆ ನಕ್ರಲ್ಲ, ಅವರದು."

"ಇದೆಲ್ಲಾ ಬರೇ ಊಹಾ," ಎಂದರು ವಿಜಯಮಹಾಂತೇಶ.

"ಹೌದ್ರಿ." ಇಸಾಕಸಾಬರು ಶಾಯಿಯ ಪ್ಯಾಡು ಮುಂದೆ ಸರಿಸಿದರು. "ಬೆರಳು ಒತ್ರಿ. ಹೊಂದಲಿಲ್ಲಂದ್ರ ನಿಮ್ಮ ಕಾಲು ಹಿಡೀತೇನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪ್ರೊಫೆಸರರ ಎರಡೂ ಕೈ ಮೇಜಿನ ಕೆಳಗೆ ಹೋದವು.

"ಒತ್ರಿ," ಎಂದರು ನ್ಯಾಯಾಧೀಶರು.

ಬಲಗೈ ಹೆಬ್ಬೆರಳು ಒಂದನೇ ಹಾಳೆಗೆ ಹೊಂದಿತು. ಹನ್ನೊಂದನೇದಕ್ಕೆ ಹೊಂದಿತು. ಮುಂದೆ ನೋಡುವ ಅಗತ್ಯ ಬೀಳಲಿಲ್ಲ.

"ರಕ್ತದ ಅಂಕಿ ಇಲ್ಲದ ನನ್ನ ಪ್ರಬಂಧ ಯಾವ ಪತ್ರಿಕೆನೂ ತಗೊಳ್ತಿರಲಿಲ್ಲ," ಎಂದರು ವಿಜಯಮಹಾಂತೇಶ. "ಅವರ ಹತ್ರ ಕಾಗದ ಉಳಿದಿರ್ತಾವ ಅಂತ ಅನ್ಕೊಂಡಿರಲಿಲ್ಲ."

"ನೀವು ನಮ್ಮನ್ನ ಕೇಳಲೇ ಇಲ್ಲಲ್ರಿ," ಎಂದಳು ಉಚ್ಚಂಗೆವ್ವ.

ಪ್ರೊಫೆಸರರ ಅಮಾನತಿಗೆ ಅಂದೇ ಶಿಫಾರಸು ಆಯಿತು. ಸುಚಿತ್ರಾಳ ಹೆಸರು ನಿಷ್ಕಳಂಕ ಎಂದು ನಡಾವಳಿಯಲ್ಲಿ ಬರೆದರು. ಸುಳ್ಳು ಹೇಳಿ ತೆಗೆದ ರಕ್ತವನ್ನು ಉಚ್ಚಂಗೆವ್ವನ ಎದುರಿಗೇ ನಾಶ ಮಾಡಿದರು.

"ಹೊಸಾದಾಗಿ ಕೇಳಾಕ ಬರ್ಲೇನಬೇ?" ಸುಚಿತ್ರಾ ಅಳುಕುತ್ತ ಕೇಳಿದಳು.

"ಬಾರವ್ವ. ರಕ್ತಾ ಯಾಕ ಬೇಕಂತ ಬಿಡಿಸಿ ಹೇಳು. ಓದಿ, ವಿಚಾರ ಮಾಡಿ ಬರೀತೀವಿ."

ಏಪ್ರಿಲಿನಲ್ಲಿ ಹೊಸ ಪತ್ರಗಳು ಸಮಿತಿಯ ಮುಂದೆ ಬಂದವು. ಇಪ್ಪತ್ತಮೂರು ಮಂದಿ ರಕ್ತ ಕೊಡಲು ಒಪ್ಪಿದ್ದರು. ಹದಿನೇಳು ಮಂದಿ ಒಪ್ಪಿರಲಿಲ್ಲ.

"ಇಷ್ಟರಾಗ ನಿಮ್ಮ ಕೆಲಸಾ ಆಗ್ತೈತೇನು?" ಸಿದ್ದಲಿಂಗಪ್ಪ ಕೇಳಿದರು.

"ಆಗಬೇಕ್ರಿ," ಎಂದಳು ಸುಚಿತ್ರಾ. ತಲೆ ಎತ್ತಿಯೇ ಹೇಳಿದಳು.

ಇಸಾಕಸಾಬರು ಒಪ್ಪಿದವರ ಪತ್ರಗಳನ್ನು ಪಕ್ಕಕ್ಕಿಟ್ಟು, ಒಲ್ಲೆ ಎಂದವರ ಹದಿನೇಳನ್ನು ಕೈಗೆತ್ತಿಕೊಂಡರು. ಒಂದೊಂದು ಸಹಿಯನ್ನೂ ಗಟ್ಟಿಯಾಗಿ ಓದಿದರು. ಮೊದಲನೆಯದು ದುರಗವ್ವನದು. ಅವರ ಎದೆ ಹೆಮ್ಮೆಯಿಂದ ತುಂಬಿ ಬಂತು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

"ಮೂವತ್ನಾಕು ವರ್ಷ ಮಂದಿ ಕಾಗದಾ ನೋಡೇನಿ ಸಾಹೇಬ್ರ," ಎಂದರು. "ಇಷ್ಟು ಚಂದದ 'ಇಲ್ಲ' ಎಲ್ಲೂ ನೋಡಿಲ್ಲ."