ಕುಲಾವಿ ತೊಟ್ಟ ಗುಮ್ಮ

ಕನ್ನಡಿಯೊಳಗಿನ ಗುಮ್ಮನಿಗೆ ಶಿವಲೀಲಾ ಕುಲಾವಿ ತೊಡಿಸಿದಳು. ಗಾಳಿಯಂತ್ರದ ಕಂಬದಂಥ ಮೈ, ಮೂರು ಉದ್ದನೆಯ ಕೈ, ಗೂಬೆಯ ಮೋರೆ. ಇಂಥದ್ದರ ತಲೆಯ ಮೇಲೆ ಕೂಸಿನ ಜರಿ ಕುಲಾವಿ! ಬೆರಳಾಡಿಸಿ ಅದಕ್ಕೊಂದು ಸೀನು ಬರಿಸಿದಳು. ಸೀನಿದ ರಭಸಕ್ಕೆ ಗುಮ್ಮ ಕುಗ್ಗಿ ಕುಂಬಳಕಾಯಿಯಷ್ಟಾಯಿತು, ಇನ್ನೊಂದು ಸೀನಿಗೆ ಕಡಲೆಕಾಳಾಯಿತು. ಶಿವಲೀಲಾಗೆ ನಗು ತಡೆಯಲಾಗಲಿಲ್ಲ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದೇ ಹೋಗಿತ್ತು.

"ಹೆಂಗನಸ್ತದ್ರಿ ಅಕ್ಕಾರ?" ಎಂದ ಫಕ್ಕೀರೇಶ. ಈ ಗುಮ್ಮಗನ್ನಡಿಯನ್ನು ಕಂಡುಹಿಡಿದ ವಿಜ್ಞಾನಿ ಅವನೇ, ಗದುಗಿನವನೇ.

"ಏನ್ ಮಾಟ ಮಾಡೀಯೋ ತಮ್ಮಾ, ಹೊಟ್ಟ್ಯಾಗಿನ ಸಂಕಟಾನ ಹೋತು!"

"ಮಾಟ ಅಲ್ರಿ, ಬರೇ ಲೆಕ್ಕ" ಎಂದು ಅವನು ನಕ್ಕ. ಕನ್ನಡಿಯ ಅಂಚಿನಲ್ಲಿದ್ದ ಸಾಸಿವೆಯಷ್ಟು ಸಣ್ಣ ಕ್ಯಾಮೆರಾಗಳು ಎದುರು ಕೂತವರ ಉಸಿರು, ನಾಡಿ, ಕಣ್ಣಪಾಪೆಯ ಅಗಲವನ್ನು ಅಳೆಯುತ್ತಿದ್ದವು. ಬಾಯಿಬಿಟ್ಟು ಹೇಳಿದ ಚಿಂತೆಯನ್ನೂ ಅದಕ್ಕೆ ಸೇರಿಸಿ ಯಂತ್ರ ಒಂದು ರೂಪ ಕಟ್ಟುತ್ತಿತ್ತು. ರೂಪವಿಲ್ಲದ ಭಯ ಮನುಷ್ಯನನ್ನು ತಿನ್ನುತ್ತದೆ, ರೂಪ ಕೊಟ್ಟು ಕುಣಿಸಿದರೆ ಅದು ಮಂಗನಾಗುತ್ತದೆ ಎಂಬುದು ಫಕ್ಕೀರೇಶನ ಸಿದ್ಧಾಂತ. ಈ ಶತಮಾನದ ಅರವತ್ತರ ದಶಕದ ಆ ಹೊತ್ತಿಗೆ ಅಂಗಡಿ, ಕಚೇರಿ, ಶಾಲೆಗಳ ಗೋಡೆಗೆಲ್ಲ ಗುಮ್ಮಗನ್ನಡಿ ಬಂದುಬಿಟ್ಟಿತ್ತು.

ಶಿವಲೀಲಾಳ ಚಿಂತೆಗೆ ಇದ್ದದ್ದು ಒಂದೇ ಹೆಸರು, ಮಹಾನಂದಾ. ತಾಯಿ ಸತ್ತ ಮೇಲೆ ಎತ್ತಿ ಆಡಿಸಿ ಬೆಳೆಸಿದ ತಂಗಿ. ಆ ಹುಡುಗಿಗೆ ಬೇರೆ ಕೆಲಸವೇ ಸಿಗಲಿಲ್ಲವೇ? ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ರಿಪೇರಿ ಮಾಡುತ್ತಿದ್ದಳು. ಕಂಬದ ಹೊಟ್ಟೆಯೊಳಗಿನ ಇಕ್ಕಟ್ಟಾದ ಲಿಫ್ಟಿನಲ್ಲಿ ಮೋಡದ ಹತ್ತಿರಕ್ಕೆ ಹೋಗುವುದು, ಇಳಿದ ಕೂಡಲೇ "ಅಕ್ಕಾ, ಇಳದೇನಿ" ಎಂದು ಫೋನ್ ಹಚ್ಚುವುದು. ಫೋನ್ ಸ್ವಲ್ಪ ತಡವಾದರೆ ಸಾಕು, ಗದುಗಿನ ರೊಟ್ಟಿ ಕೇಂದ್ರದಲ್ಲಿ ಕೂತ ಶಿವಲೀಲಾಳ ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು. ಎಂಜಿನಿಯರಿಗೆ, ಕಂಟ್ರೋಲ್ ರೂಮಿಗೆ, ಜೊತೆಗಾರನ ಅತ್ತೆಗೆ, ಯಾರಿಗೂ ಬಿಡದೆ ಫೋನ್ ಮಾಡಿಬಿಡುತ್ತಿದ್ದಳು. ಒಮ್ಮೆಯಂತೂ ಆಂಬುಲೆನ್ಸನ್ನೇ ಗುಡ್ಡಕ್ಕೆ ಅಟ್ಟಿದ್ದಳು. ಅದು ಹೋಗಿ ನೋಡಿದರೆ ಮಹಾನಂದಾ ನೆರಳಲ್ಲಿ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದಳು.

ಆ ಅವಮಾನ ತಾಳದೆ ಮಹಾನಂದಾಳೇ ಅಕ್ಕನನ್ನು ಫಕ್ಕೀರೇಶನ ಬಳಿ ಕರೆತಂದಿದ್ದಳು. ಕನ್ನಡಿ ಮನೆಗೆ ಬಂದ ದಿನ ಶಿವಲೀಲಾ, "ಇನ್ನ ಮ್ಯಾಲೆ ಇಳದೇನಿ, ಹತ್ತೇನಿ ಅಂತ ಫೋನ್ ಹಚ್ಚಬ್ಯಾಡ ಬಿಡವಾ. ನನ್ನ ಕಾಟ ನಿನಗ ಸಾಕಾಗೇದ" ಎಂದಳು. ತಂಗಿ ಅವಳ ಗಲ್ಲ ಹಿಂಡಿ ಹೋದಳು. ರೊಟ್ಟಿ ಕರಕಾಗುವುದು ನಿಂತಿತು. ಕೇಂದ್ರದ ಹೆಂಗಸರು, "ಈಗರ ಮನಷ್ಯಾಳಾದಿ" ಎಂದು ಕಾಡಿಸಿದರು.

ಆಷಾಢದ ಗಾಳಿ ಹುಚ್ಚೆದ್ದು ಬೀಸುತ್ತಿದ್ದ ಒಂದು ದಿನ ದೀಪ ಹಚ್ಚುವ ಹೊತ್ತಾದರೂ ಮಹಾನಂದಾ ಮನೆಗೆ ಬರಲಿಲ್ಲ. ಶಿವಲೀಲಾ ಬಾಗಿಲಿಗೆ ಬಂದು ದಾರಿ ನೋಡಿದಳು. ಕೈ ಫೋನಿನತ್ತ ಹೋಯಿತು. ಮತ್ತೆ ಮಂದಿ ನಗುತ್ತಾರೆ ಎನಿಸಿ ಕನ್ನಡಿಯ ಮುಂದೆ ಕೂತಳು. ಗುಮ್ಮ ಕನ್ನಡಿ ತುಂಬಿ ನಿಂತಿತ್ತು, ಕುಲಾವಿಗೂ ಜಗ್ಗಲಿಲ್ಲ, ಸೀನಿಗೂ ಜಗ್ಗಲಿಲ್ಲ. ಕೊನೆಗೆ ಅದರ ಮೂರು ಕೈಯಲ್ಲೂ ರೊಟ್ಟಿ ತಟ್ಟಿಸಿದಳು. ಮೂರನೆಯ ಕೈ ತಟ್ಟಿದ ರೊಟ್ಟಿ ಅದರ ಮೋರೆಗೇ ಅಂಟಿಕೊಂಡಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸ್ವಲ್ಪ ಹೊತ್ತಿಗೆ ಕಣ್ಣು ಮತ್ತೆ ಬಾಗಿಲತ್ತ ಹೋಯಿತು, ಗುಮ್ಮನನ್ನು ಮತ್ತೆ ಕುಣಿಸಿದಳು. ತಂಗಿ ಗುಡ್ಡದ ಹತ್ತಿರದ ಡಂಬಳದಲ್ಲಿ ಗೆಳತಿಯ ಮನೆಯಲ್ಲಿ ಉಳಿದಿರಬೇಕು ಎಂದುಕೊಂಡು ಹಾಸಿಗೆ ಹಾಸಿದಳು. ಅಂದು ಅವಳಿಗೆ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಫೋನ್ ಬಂತು. ಮಾತಾಡಿದವರು ಆಸ್ಪತ್ರೆಯವರು.

ಲಿಫ್ಟು ಮಧ್ಯದಲ್ಲೇ ಕಚ್ಚಿಕೊಂಡಿತ್ತು. ಬಿಡಿಸಲು ಹೋದ ಮಹಾನಂದಾಳ ಬಲಗಾಲು ಚೌಕಟ್ಟಿಗೂ ಏಣಿಗೂ ನಡುವೆ ಸಿಕ್ಕಿತ್ತು, ಫೋನು ಕೈಜಾರಿ ಕಂಬದ ತಳ ಸೇರಿತ್ತು. ಬೇರೊಂದು ಯಂತ್ರಕ್ಕೆ ಹೋಗಿದ್ದ ಜೊತೆಗಾರ ಅವಳು ಮನೆಗೆ ಹೋಗಿರಬೇಕು ಎಂದುಕೊಂಡ. ಮಧ್ಯಾಹ್ನ ರಿಪೇರಿಗೆ ನಿಲ್ಲಿಸಿದ ರೆಕ್ಕೆಗಳು ಸಂಜೆಯಾದರೂ ತಿರುಗದ್ದನ್ನು ಕಂಟ್ರೋಲ್ ರೂಮಿನವನು ಪರದೆಯಲ್ಲಿ ಕಂಡಿದ್ದ, ಅವನಿಗೂ ಯಾಕೋ ಕಸಿವಿಸಿಯಾಗಿತ್ತು. ಆದರೆ ಅಲ್ಲಿನ ಗೋಡೆಯ ಮೇಲೂ ಗುಮ್ಮಗನ್ನಡಿ ಇತ್ತಲ್ಲ! ಅವನೂ ತನ್ನ ಗುಮ್ಮನನ್ನು ಕುಣಿಸಿ ಹಗುರಾಗಿ ಮನೆಗೆ ಹೋಗಿದ್ದ. ನಸುಕಿನಲ್ಲಿ ಕುರಿ ಹೊಡೆದುಕೊಂಡು ಬಂದ ಮುದುಕನೊಬ್ಬನಿಗೆ ಕಂಬದೊಳಗಿಂದ ಸ್ಪ್ಯಾನರು ಬಡಿಯುವ ಸದ್ದು ಕೇಳಿಸಿತ್ತು.

ಪಾದ ಉಳಿಯಲಿಲ್ಲ. ಹಿಂದಿನ ಸಂಜೆಯೇ ತಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು.

ವಾರ್ಡಿನ ಹೊರಗೆ ಫಕ್ಕೀರೇಶ ತಲೆ ತಗ್ಗಿಸಿ ನಿಂತಿದ್ದ. "ಯಾವ ಚಿಂತಿ ಖರೇ, ಯಾವುದು ಸುಳ್ಳು ಅನ್ನೂದು ನನ್ನ ಯಂತ್ರಕ್ಕ ತಿಳಿಯೂದಿಲ್ರಿ ಅಕ್ಕಾರ. ಅದನ್ನ ನಾ ಮೊದಲಽ ವಿಚಾರ ಮಾಡಬೇಕಿತ್ತು."

"ನನಗರ ಎಂದು ತಿಳೀತಿತ್ತೋ?" ಎಂದಳು ಶಿವಲೀಲಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸಂಕಟವಿತ್ತು. "ತಿಳೀತಿದ್ದಿಲ್ಲ, ಅದಕ್ಕಽ ಫೋನ್ ಹಚ್ತಿದ್ನಿ. ಹಚ್ಚಿ ಕೇಳಿದ ಮ್ಯಾಲೆ ನಿನ್ನ ಗುಮ್ಮನ್ನ ಕುಣಿಸಿದ್ರ ಏನ್ ಗಂಟು ಹೋಗ್ತಿತ್ತು ನಂದು!"

ಒಳಗೆ ಮಹಾನಂದಾ ಕಣ್ಣು ತೆರೆದಿದ್ದಳು. ಅಕ್ಕನ ಕೈ ಹುಡುಕಿ ಹಿಡಿದುಕೊಂಡಳು. "ಕಂಬದಾಗ ನನಗ ಅಂಜಿಕಿ ಆಗಲಿಲ್ಲವಾ" ಎಂದಳು. "ಕನ್ನಡಿ ಬಂದ್ರೇನಾತು, ಸಂಜಿ ಆತಂದ್ರ ನಮ್ಮಕ್ಕ ಸುಮ್ಮನ ಕುಂದರಾಕಿ ಅಲ್ಲ, ಊರಿಗೂರಽ ಎಬ್ಬಸ್ತಾಳ ಅಂತ ಧೈರ್ಯ ಹಿಡಕೊಂಡಿದ್ನಿ. ಬರೋ ಮಂದಿ ಯಾಕ ಅಷ್ಟು ತಡಾ ಮಾಡಿದ್ರು? ನೀ ಎಷ್ಟೊತ್ತಿಗೆ ಫೋನ್ ಹಚ್ಚಿದ್ದಿ?"

ಶಿವಲೀಲಾ ಸುಳ್ಳು ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು ಕೂಡ.

"ಹಚ್ಚಲಿಲ್ಲ ನನ್ನವ್ವಾ" ಎಂದಳು. "ನಕ್ಕೋಂತ ಕುಂತಿದ್ನಿ."

ಮಹಾನಂದಾ ಕೈ ಬಿಟ್ಟು ಗೋಡೆಯತ್ತ ಹೊರಳಿದಳು.

ಇದೆಲ್ಲ ಮುಂದೆ ಎಂದೋ ನಡೆಯಬಹುದಾದ ಮಾತು. ಸದ್ಯಕ್ಕೆ ನಮ್ಮ ಮನೆಗಳಲ್ಲಿ ಅಂಥ ಕನ್ನಡಿಯಿಲ್ಲ. "ಹೋಗಿ ಮುಟ್ಟಿದಿ ಇಲ್ಲೋ?" ಎಂದು ಕೇಳುವವರು ಇನ್ನೂ ಇದ್ದಾರೆ, ಅವರ ಮೇಲೆ ನಾವು ರೇಗುತ್ತೇವೆ.