ದುಂಡು ಅರ್ಜಿ

“ಆ ಅರ್ಜಿಯಲ್ಲಿ ಮೊದಲನೇ ಹೆಸರು ಯಾವುದು ಅಂತ ಮಾತ್ರ ಹುಡುಕಬೇಡಿ ತಾಯಿ,” ಎಂದ ಹಾಯಿ ಹೊಲಿಯುವ ಮುದುಕ ಓಬಡೈಯ. “ನಲವತ್ತು ಜನ ಮಸಿಗೆ ರಕ್ತ ಬೆರೆಸಿ ಮಂತ್ರ ಕಟ್ಟಿದ್ದು. ಹುಡುಕಿದವರನ್ನೇ ಅದು ಆ ಜಾಗಕ್ಕೆ ಎಳ್ಕೊಳ್ಳುತ್ತೆ.”

“ನಿಮ್ಮ ರಕ್ತದಲ್ಲಿ ರಮ್ಮೇ ಜಾಸ್ತಿ. ಕಾಗದಕ್ಕೆ ಅಮಲೇರಿರಬೇಕು,” ಎಂದು ಥಾಮಸಿನ್ ನಕ್ಕಳು.

ಮುದುಕ ನಗಲಿಲ್ಲ.

ಅವಳು ಮದುವೆಯಾಗಿ ಐದು ವಾರ, ಈ ಯುದ್ಧನೌಕೆ ಹತ್ತಿ ಮೂರು ವಾರ. ಗಂಡ ಕ್ಯಾಪ್ಟನ್ ಪೆನ್‌ಹ್ಯಾಲೋ ಗಾಳಿಯನ್ನು ನೋಡುತ್ತಿದ್ದ, ನಕ್ಷೆಯನ್ನು ನೋಡುತ್ತಿದ್ದ. ಅವಳ ಮುಖವನ್ನು ನೆಟ್ಟಗೆ ಒಮ್ಮೆಯೂ ನೋಡಿರಲಿಲ್ಲ. ಈಗಂತೂ ಎರಡು ದಿನದಿಂದ ನಾವಿಕರು ಕೊಟ್ಟ ಆ ಅರ್ಜಿಯ ಕಾಗದವನ್ನೇ ತಿರುಗಿಸುತ್ತ ಕೂತಿದ್ದ. ಹುಳು ಬಿದ್ದ ರೊಟ್ಟಿ, ಕೊಳೆತ ಮಾಂಸ, ತೂಕದಲ್ಲಿ ಮೋಸ ಎಂಬ ದೂರು ನಡುವೆ. ಅದರ ಸುತ್ತ, ಮುಂದಾಳು ಯಾರೆಂದು ತಿಳಿಯದಂತೆ, ಚಕ್ರದ ಅರಗಳ ಹಾಗೆ ನಲವತ್ತು ಹೆಸರು.

ಥಾಮಸಿನ್ ಬಟ್ಟೆಗೆ ಬಣ್ಣ ಹಾಕುವವನ ಮಗಳು. ಮಸಿಯ ವ್ಯತ್ಯಾಸ ಅವಳ ಕಣ್ಣಿಗೆ ಒಂದೇ ನೋಟದಲ್ಲಿ ಬಿತ್ತು.

“ಮಸಿ ಮುಗೀತಾ ಬಂದ ಹಾಗೆ ನೀರು ಬೆರೆಸಿದ್ದಾರೆ. ಕಪ್ಪು ತಿಳಿಯಾಗ್ತಾ ಹೋಗಿದೆ ನೋಡಿ. ಎಲ್ಲಕ್ಕಿಂತ ಗಾಢವಾಗಿರೋದೇ ಮೊದಲನೇದು.”

ಅವಳ ಬೆರಳು ಸೈಲಸ್ ಟ್ರೆಗ್ ಎಂಬ ಹೆಸರಿನ ಮೇಲೆ ನಿಂತಿತು.

“ಜಾಣೆ,” ಎಂದ ಗಂಡ, ಕಣ್ಣು ಕಾಗದದ ಮೇಲೇ ಇಟ್ಟು. ಅವನ ಅಂಗೈ ಒಂದು ಕ್ಷಣ ಅವಳ ಹೆಗಲ ಮೇಲಿತ್ತು. ಅಷ್ಟಕ್ಕಾಗಿ ಅವಳು ಏನನ್ನಾದರೂ ಕೊಡುತ್ತಿದ್ದಳು. ಕೊಟ್ಟದ್ದು ಏನೆಂದು ಮಧ್ಯಾಹ್ನ ತಿಳಿಯಿತು.

ತಲೆಯ ಮೇಲಿನ ಹಲಗೆಗಳಾಚೆ ಸೈಲಸನ ಬೆನ್ನಿಗೆ ಛಡಿ ಬೀಳುತ್ತಿತ್ತು. ಅವಳು ಕಿವಿ ಮುಚ್ಚಿಕೊಂಡಳು. ಆದರೂ ಎಣಿಕೆ ಕೇಳುತ್ತಿತ್ತು. ಅರವತ್ತೊಂದರ ನಂತರ ಛಡಿ ನಿಂತಿತು. “ಉಸಿರಿಲ್ಲ,” ಎಂದಿತು ಒಂದು ದನಿ. ಯಾರೋ ನೀರು ಸುರಿದು ಹಲಗೆ ಉಜ್ಜತೊಡಗಿದರು.

ಕೋಣೆಯೊಳಗೆ ಡಾಂಬರಿನ ವಾಸನೆ ದಟ್ಟವಾಯಿತು. ಅದರಡಿಯಲ್ಲಿ ಹಸಿ ರಕ್ತದ್ದು.

ಮೇಜಿನ ಮೇಲಿನ ಕಾಗದದಲ್ಲಿ ಸೈಲಸನ ಹೆಸರಿರಲಿಲ್ಲ. ಆ ಜಾಗ ಬೋಳಾಗಿತ್ತು. ನೋಡುತ್ತಿದ್ದಂತೆ ಅಲ್ಲಿ ಮಸಿ ಜಿನುಗಿತು. ಒಂದು ಗೆರೆ. ಇನ್ನೊಂದು. ಅಕ್ಷರಗಳ ಓರೆ ಅವಳದೇ. ಕೊನೆಯ ಬಾಲವೂ ಅವಳದೇ.

ಥಾಮಸಿನ್ ಪೆನ್‌ಹ್ಯಾಲೋ.

ಚಾಕು ತೆಗೆದು ಕೆರೆದಳು. ಕಾಗದ ಸವೆಯಿತು. ಹೆಸರು ಸವೆಯಲಿಲ್ಲ. ಉಗುರಿನಲ್ಲಿ ಕೆರೆದಳು. ಉಗುರು ಕಪ್ಪಾಯಿತು. ಬೆರಳು ಕಪ್ಪಾಯಿತು. ಸುಟ್ಟುಬಿಡಬೇಕು. ದೀಪ ಎಲ್ಲಿ? ಮೆಟ್ಟಿಲ ಮೇಲೆ ಬೂಟಿನ ಸದ್ದು. ದೀಪ ಎಲ್ಲಿ?

ಬಾಗಿಲು ತೆರೆಯಿತು.

ಪೆನ್‌ಹ್ಯಾಲೋ ಕಾಗದ ನೋಡಿದ. ಹರಿಯುವಷ್ಟು ಕೆರೆದ ಆ ಜಾಗವನ್ನು, ಎಲ್ಲಕ್ಕಿಂತ ಗಾಢವಾದ ಆ ಹೆಸರನ್ನು ನೋಡಿದ. ಅವಳ ಬೆರಳು ನೋಡಿದ.

“ನಾನಲ್ಲ... ಅದೇ ಬರ್ಕೊಳ್ತು.”

ಅವನು ನಿಧಾನವಾಗಿ ತಲೆಯೆತ್ತಿ, ಮದುವೆಯಾದಂದಿನಿಂದ ಮೊದಲ ಬಾರಿಗೆ, ಅವಳ ಮುಖವನ್ನು ನೆಟ್ಟಗೆ ನೋಡಿದ. ಆಮೇಲೆ ಕಣ್ಣು ತೆಗೆಯದೆಯೇ ಕಾವಲಿನವನನ್ನು ಕೂಗಿದ.